ಶಾಕ್ಸ್ ಬೇಡ, ದಪ್ಪ ಟೈರ್ ಇರಲಿ

ಈ ಸಲ ಬಂದ ಪತ್ರಗಳಲ್ಲಿ ಸೈಕಲ್ಲಿನದ್ದೇ ಜಾಸ್ತಿ. ಒಂದಕ್ಕೆ ಉದ್ದದ ಉತ್ತರ, ಉಳಿದವಕ್ಕೆ ಚಿಕ್ಕದು.

ಪ್ರಶ್ನೆ: ಸರ್, ನಾನಿರುವುದು ಎಚ್‌ಎಸ್‌ಆರ್ ಲೇಔಟ್‌ನಲ್ಲಿ, ಆಫೀಸು ಮಾರತ್‌ಹಳ್ಳಿ ಹತ್ತಿರ. ಹೋಗಿ ಬರುವುದು ಸೇರಿ ಸುಮಾರು 20 ಕಿಲೋಮೀಟರ್. ಹೊರ ವರ್ತುಲ ರಸ್ತೆಯ ಸರ್ವಿಸ್ ರೋಡು, ಸೈಕಲ್ ಪಥ ಇರುವ ಕಡೆ ಸೈಕಲ್ ಪಥ. ವಯಸ್ಸು 41, ಎತ್ತರ 5 ಅಡಿ 6 ಇಂಚು, ಕಾಲೇಜು ಬಿಟ್ಟ ಮೇಲೆ ಸೈಕಲ್ ಮುಟ್ಟಿಲ್ಲ. ಎಲ್ಲಾ ಸೇರಿ 25,000 ರೂಪಾಯಿ ಬಜೆಟ್. ಗುಂಡಿ ಜಾಸ್ತಿ, ಮುಂದೆ ಶಾಕ್ಸ್ (ಶಾಕ್ ಅಬ್ಸಾರ್ಬರ್) ಇರುವ 21 ಗೇರಿನ ಎಂಟಿಬಿ (ಮೌಂಟೇನ್ ಬೈಕ್) ತಗೋ ಅಂತ ನಮ್ಮ ಭಾವ ಹೇಳುತ್ತಾರೆ. ಅಂಗಡಿಯವರೂ ಅದನ್ನೇ ತೋರಿಸಿದರು. ಹೈಬ್ರಿಡ್ (ಎಂಟಿಬಿಗೂ ರೋಡ್ ಸೈಕಲ್ಲಿಗೂ ನಡುವಿನದು) ಟೈರ್ ಸಣ್ಣ, ನಮ್ಮ ರಸ್ತೆಗೆ ತಡೆಯಲ್ಲ ಅಂತಾರೆ. ಏನು ಮಾಡಲಿ?
(ಓದುಗರು, ಬೆಂಗಳೂರು)

ಉತ್ತರ: ಭಾವನ ಮಾತನ್ನು ಈ ಒಂದು ಸಲ ಮೀರಿ. ಹೈಬ್ರಿಡ್ಡೇ ತಗೊಳ್ಳಿ, ಮುಂದೆ ಶಾಕ್ಸ್ ಇಲ್ಲದ್ದು, ಟೈರ್ 38 ಅಥವಾ 40 ಮಿಲಿಮೀಟರ್ ಅಗಲ ಇರುವಂಥದ್ದು.

ಶಾಕ್ಸ್ ಬಗ್ಗೆ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಜನ ದುಡ್ಡು ಕಳೆದುಕೊಳ್ಳುವುದೇ ಅಲ್ಲಿ. ಈ ಬೆಲೆಗೆ ಬರುವ ಶಾಕ್ಸ್ ಅಂದರೆ ಕೊಳವೆಯೊಳಗೆ ಒಂದು ಸ್ಪ್ರಿಂಗ್, ಹೆಚ್ಚು ಕಡಿಮೆ ಅಷ್ಟೇ. ಅದುಮಿದರೆ ಕುಗ್ಗುತ್ತದೆ, ಬಿಟ್ಟರೆ ಪುಟಿಯುತ್ತದೆ, ಆ ಪುಟಿತವನ್ನು ಹಿಡಿದು ನಿಲ್ಲಿಸುವುದಕ್ಕೆ ಒಳಗೆ ಏನೂ ಇರುವುದಿಲ್ಲ. ಫ್ಲೈಓವರ್ ಏರಿನಲ್ಲಿ ಎದ್ದು ನಿಂತು ತುಳಿದರೆ ನಿಮ್ಮ ಕಸುವಿನಲ್ಲಿ ಒಂದು ಪಾಲು ಸ್ಪ್ರಿಂಗಿಗೇ ಹೋಗುತ್ತದೆ, ಮುಂಭಾಗದ ತೂಕವೂ ಜಾಸ್ತಿ. ಒಂದೆರಡು ಮಳೆಗಾಲ ಕಳೆಯುವ ಹೊತ್ತಿಗೆ ಒಳಗೆ ನೀರು, ಧೂಳು ಸೇರಿ ಅದು ಬಿಗಿದುಕೊಂಡು ಕೂತಿರುತ್ತದೆ, ಆಮೇಲೆ ಅದು ಸುಮ್ನೆ ಹೊರೆ. ಅದಕ್ಕೆ ಹಾಕಿದ ದುಡ್ಡನ್ನು ಕಂಪನಿಯವರು ಬೇರೆಲ್ಲಾದರೂ ಉಳಿಸಲೇಬೇಕಲ್ವಾ, ಹಾಗಾಗಿ ರಿಮ್, ಹಬ್, ಬ್ರೇಕ್ ಎಲ್ಲಾ ಕಳಪೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ಗುಂಡಿಯ ಏಟನ್ನು ಮೊದಲು ತಿನ್ನುವುದು ಟೈರಿನೊಳಗಿನ ಗಾಳಿ. 28 ಮಿ.ಮೀ. ಟೈರ್ ಇದ್ದರೆ ಗಾಳಿ ಗಟ್ಟಿಯಾಗಿ ತುಂಬಲೇಬೇಕು, ಇಲ್ಲದಿದ್ದರೆ ರಿಮ್ಮಿಗೆ ಏಟು ಬಿದ್ದು ಟ್ಯೂಬು ಕಚ್ಚುತ್ತದೆ. 40ರಲ್ಲಿ ಆ ತಾಪತ್ರಯ ಕಡಿಮೆ. ನಿಮ್ಮ ತೂಕ 70 ಕಿಲೋ ಆಸುಪಾಸಿದ್ದರೆ ಮುಂದೆ 45, ಹಿಂದೆ 50ರಿಂದ 55 ಪಿಎಸ್‌ಐ ಒತ್ತಡದ ಗಾಳಿ ಇಟ್ಟು ನೋಡಿ. ಅಂಗಡಿಯಲ್ಲಿ ಕಲ್ಲಿನ ಹಾಗೆ ತುಂಬಿ ಕೊಡುತ್ತಾರೆ, ಅದನ್ನು ಓಡಿಸಿ ಹೈಬ್ರಿಡ್ ಕುಲುಕುತ್ತದೆ ಅನ್ನಬೇಡಿ. ಟೈರಿನ ಪಕ್ಕದಲ್ಲಿ ಬರೆದಿರುವ ಮಿತಿಯೊಳಗೆ ಇದ್ದರೆ ಸಾಕು. ಎಂಟಿಬಿಯ ಹಲ್ಲುಹಲ್ಲಿನ ಟೈರ್ ಮಣ್ಣಿಗೆ ಸರಿ. ಡಾಂಬರಿನ ಮೇಲೆ ಗುಂಯ್ ಅನ್ನುತ್ತಾ ನಿಮ್ಮನ್ನು ಹಿಂದಕ್ಕೆ ಎಳೆಯುತ್ತದೆ, ದಿನಾ 20 ಕಿಲೋಮೀಟರ್ ಅಂದರೆ ಸಂಜೆ ಕಾಲು ಹೇಳುತ್ತದೆ.

ನಿಮ್ಮ ದಾರಿಗೆ ದಪ್ಪ ಟೈರ್ ಬೇಕೇ ಬೇಕು ಅನ್ನುವುದಕ್ಕೆ ಇನ್ನೊಂದು ಕಾರಣವಿದೆ. 2020ರಲ್ಲಿ ಕಂಬ ನೆಟ್ಟು ಬೇರ್ಪಡಿಸಿದ ಸೈಕಲ್ ಪಥ ಸಿಲ್ಕ್ ಬೋರ್ಡ್ ಕಡೆಯಿಂದ ಶುರುವಾಗಿತ್ತಲ್ಲ, ಮೆಟ್ರೋ ಕೆಲಸ ಬಂದ ಮೇಲೆ ಅದು ತುಂಡು ತುಂಡಾಗಿದೆ. ನೀವು ಪಥದಿಂದ ಸರ್ವಿಸ್ ರೋಡಿಗೆ, ಅಲ್ಲಿಂದ ಮುಖ್ಯ ರಸ್ತೆಗೆ ಹತ್ತಿ ಇಳಿಯುತ್ತಲೇ ಇರಬೇಕಾಗುತ್ತದೆ. ಚರಂಡಿ ಚಪ್ಪಡಿಗಳ ಸಂದು, ರಸ್ತೆಯುದ್ದಕ್ಕೇ ಸರಳು ಹಾಕಿರುವ ಕಬ್ಬಿಣದ ಜಾಲರಿ, ಡಾಂಬರು ಮುಗಿದು ಮಣ್ಣಿಗೆ ಇಳಿಯುವ ಅಂಚು. 28ರ ಟೈರ್ ಸಿಕ್ಕಿಕೊಳ್ಳುವ ಸಂದಿನಲ್ಲಿ 40ರದ್ದು ಎಷ್ಟೋ ಕಡೆ ಇಳಿಯುವುದೇ ಇಲ್ಲ. ಆದರೂ ಅಂಚು ದಾಟುವಾಗ ಓರೆಯಾಗಿ ಹೋಗಬೇಡಿ, ಹ್ಯಾಂಡಲ್ ನೇರ ಮಾಡಿಕೊಂಡು ದಾಟಿ.

ಇನ್ನು 21 ಗೇರ್. ಮುಂದೆ ಪೆಡಲ್ ಹತ್ತಿರ ಮೂರು ಹಲ್ಲಿನ ಚಕ್ರ, ಹಿಂದಿನ ಗಾಲಿಯಲ್ಲಿ ಏಳು, ಗುಣಿಸಿದರೆ 21, ಲೆಕ್ಕವೇನೋ ಸರಿ. ಆದರೆ ಮುಂದೆ 48 ಹಲ್ಲು ಹಿಂದೆ 24 ಹಲ್ಲು ಹಾಕಿದರೂ, ಮುಂದೆ 28 ಹಿಂದೆ 14 ಹಾಕಿದರೂ ಪೆಡಲ್ ಒಂದು ಪೂರ್ತಿ ಸುತ್ತು ತಿರುಗಿದರೆ ಗಾಲಿ ಎರಡೇ ಸುತ್ತು ಸುತ್ತುವುದು. ಎರಡನೆಯದರಲ್ಲಿ ಚೈನು ಇನ್ನಷ್ಟು ಸೊಟ್ಟಗೆ, ಚಿಕ್ಕ ಚಕ್ರಗಳ ಮೇಲೆ ಓಡಿ ಬೇಗ ಸವೆಯುತ್ತದೆ, ಅಷ್ಟೇ ವ್ಯತ್ಯಾಸ. ಹೀಗೆ ಒಂದರ ಮೇಲೊಂದು ಕೂರುವ ಗೇರುಗಳೇ ಬೇಕಾದಷ್ಟು. ಮುಂದೆ ಒಂದೇ ಹಲ್ಲಿನ ಚಕ್ರ, ಹಿಂದೆ ಎಂಟು ಇರುವ ಸೈಕಲ್ ನಿಮ್ಮ ದಾರಿಗೆ ಧಾರಾಳ ಸಾಕು, ಸೆಟ್ಟಿಂಗ್ ಕೆಡುವ ಜಾಗವೂ ಒಂದು ಕಡಿಮೆ.

ಬ್ರೇಕು: ಕೇಬಲ್ ಡಿಸ್ಕ್ ಸಿಕ್ಕರೆ ಒಳ್ಳೆಯದು. ಮಳೆಯಲ್ಲಿ ಹಿಡಿಯುತ್ತದೆ, ಗುಂಡಿಗೆ ಬಿದ್ದು ರಿಮ್ ಸ್ವಲ್ಪ ಸೊಟ್ಟಗಾದರೂ ಕೆಲಸ ಮಾಡುತ್ತದೆ. ಸಿಗದಿದ್ದರೆ ಒಳ್ಳೆಯ ವಿ-ಬ್ರೇಕ್ (ರಿಮ್ಮನ್ನೇ ಎರಡು ಕಡೆಯಿಂದ ಹಿಡಿಯುವುದು) ಸಾಕು, ಡಿಸ್ಕ್ ಇದೆ ಅನ್ನುವ ಒಂದೇ ಕಾರಣಕ್ಕೆ ಹೆಸರು ಗೊತ್ತಿಲ್ಲದ ಸೈಕಲ್ ತರಬೇಡಿ.

ಅಳತೆಗೆ ಮಾತ್ರ ಅಂಗಡಿಗೆ ಹೋಗಿ, ಆನ್‌ಲೈನ್ ಬೇಡ. ಸೈಕಲ್ ಮಧ್ಯೆ ಕಾಲು ಹಾಕಿ ನಿಂತಾಗ ಮೇಲಿನ ಬಾರಿಗೂ ನಿಮಗೂ ನಡುವೆ ಒಂದೆರಡು ಇಂಚು ಸಂದು ಇರಬೇಕು. ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಕೆಳಕ್ಕೆ ತಳ್ಳಿ, ಕಾಲು ಪೂರ್ತಿ ನೇರವಾದರೆ ಸೀಟಿನ ಎತ್ತರ ಸರಿ. ನಿಮ್ಮ ಎತ್ತರಕ್ಕೆ ಸಾಮಾನ್ಯವಾಗಿ ಎಂ ಸೈಜು ಬರುತ್ತದೆ, ಆದರೆ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಸ್ಟಾಕ್ ಇಲ್ಲ, ಎಲ್ ಸೈಜೇ ತಗೊಳ್ಳಿ, ಸೀಟು ಇಳಿಸಿ ಕೊಡುತ್ತೇವೆ ಅಂದರೆ ಎದ್ದು ಬನ್ನಿ. ಸೀಟು ಇಳಿಸಿದರೆ ಹ್ಯಾಂಡಲ್ ಹತ್ತಿರ ಬರುವುದಿಲ್ಲ, ಬೆನ್ನು, ಕುತ್ತಿಗೆ ನಿಮ್ಮದು.

ಯಾವ ಕಂಪನಿ ಅಂತ ಕೇಳಿಲ್ಲ, ಆದರೂ ಹೇಳುತ್ತೇನೆ. ಡೆಕಾತ್ಲಾನ್‌ನ ರಿವರ್‌ಸೈಡ್, ಆಮೇಲೆ ಫೈರ್‌ಫಾಕ್ಸ್, ಮಾಂಟ್ರಾ ಇವರ ಹೈಬ್ರಿಡ್‌ಗಳನ್ನು ಓಡಿಸಿ ನೋಡಿ. ಟ್ರೆಕ್ ಎಫ್‌ಎಕ್ಸ್, ಜೈಂಟ್ ಎಸ್ಕೇಪ್ ಚೆನ್ನಾಗಿವೆ, ಹೊಸದಾಗಿ ನಿಮ್ಮ ಬಜೆಟ್ಟಿಗೆ ಎಟುಕುವುದಿಲ್ಲ. ಸೈಕಲ್ಲಿಗೇ 25,000 ಸುರಿಯಬೇಡಿ, 20,000ದ ಒಳಗೆ ಮುಗಿಸಿ. ಹೆಲ್ಮೆಟ್, ಮುಂದೆ ಹಿಂದೆ ಲೈಟು, ಗಟ್ಟಿ ಬೀಗ, ಗಾಳಿ ಪಂಪು, ಒಂದು ಸ್ಪೇರ್ ಟ್ಯೂಬು, ಉದ್ದದ ಮಡ್‌ಗಾರ್ಡ್, ಇಷ್ಟಕ್ಕೆ ಉಳಿದ ದುಡ್ಡು ಬೇಕಾಗುತ್ತದೆ. ಮಡ್‌ಗಾರ್ಡ್ ಇಲ್ಲದೆ ಮಳೆಯಲ್ಲಿ ಆಫೀಸಿಗೆ ಹೋದರೆ ಶರ್ಟಿನ ಬೆನ್ನ ಮೇಲೆ ಕೆಸರಿನ ಪಟ್ಟೆ ಗ್ಯಾರಂಟಿ. ಕ್ಯಾರಿಯರ್ ಕೂರಿಸುವ ತೂತುಗಳು ಫ್ರೇಮಿನಲ್ಲಿ ಇವೆಯಾ ಅಂತಲೂ ನೋಡಿ, ಲ್ಯಾಪ್‌ಟಾಪ್ ಬೆನ್ನಿಗಿಂತ ಕ್ಯಾರಿಯರ್ ಮೇಲೆ ಇದ್ದರೆ ಆರಾಮ.

ಟೈರ್ ವಿಷಯದಲ್ಲಿ ಒಂದು ಗೊಂದಲ. ಹೈಬ್ರಿಡ್ ಚಕ್ರಕ್ಕೆ 700ಸಿ ಅನ್ನುತ್ತಾರೆ, ಕೆಲವರು 28 ಇಂಚು ಅಂತ ಬರೆಯುತ್ತಾರೆ. ಹಾಲಿನವರ ಹಳೇ ಕಪ್ಪು ಸೈಕಲ್ಲಿನದೂ 28 ಇಂಚೇ. ಆದರೆ ರಿಮ್ಮಿನಲ್ಲಿ ಟೈರ್ ಕೂರುವ ಜಾಗದ ವ್ಯಾಸ ಇದರದ್ದು 622 ಮಿ.ಮೀ., ಅದರದ್ದು 635. ಒಂದರ ಟೈರ್ ಇನ್ನೊಂದಕ್ಕೆ ಆಗುವುದಿಲ್ಲ. ಅಂಗಡಿಯಲ್ಲಿ ಇಂಚು ಹೇಳಬೇಡಿ, ಟೈರಿನ ಪಕ್ಕದಲ್ಲಿ 40-622 ಅಂತ ಅಚ್ಚಾಗಿರುತ್ತದೆ, ಅದನ್ನು ಹೇಳಿ.

ಪ್ರಶ್ನೆ: ಮಗಳು ಮಾನಸಗಂಗೋತ್ರಿಯಲ್ಲಿ ಓದುತ್ತಿದ್ದಾಳೆ. ಪರಿಚಯದವರು ಮೂರು ವರ್ಷ ಹಳೆಯ ಹೈಬ್ರಿಡ್ 9,000ಕ್ಕೆ ಕೊಡುತ್ತೇನೆ ಅನ್ನುತ್ತಿದ್ದಾರೆ. ನೋಡಲು ಹೊಸದರ ಹಾಗೇ ಇದೆ. ತಗೊಳ್ಳಬಹುದಾ?
(ಓದುಗರು, ಮೈಸೂರು)

ಉತ್ತರ: ಹೊಳಪು ನೋಡಬೇಡಿ ಮೇಡಂ, ಇಂಚಿನ ಸ್ಕೇಲು ಹಿಡಿದುಕೊಂಡು ಹೋಗಿ. ಚೈನಿನ ಒಂದು ಪಿನ್ನಿನ ನಡುಮಧ್ಯಕ್ಕೆ ಸೊನ್ನೆ ಇಡಿ. ಹೊಸ ಚೈನಾದರೆ ಸರಿಯಾಗಿ 12 ಇಂಚಿಗೆ ಇನ್ನೊಂದು ಪಿನ್ನಿನ ನಡುಮಧ್ಯ ಬರುತ್ತದೆ. ಇಂಚಿನ ಹದಿನಾರನೇ ಒಂದು ಭಾಗ ಮುಂದೆ ಹೋಗಿದ್ದರೆ ಚೈನು ಬದಲಾಯಿಸಬೇಕು. ಎಂಟನೇ ಒಂದು ಭಾಗ ಹೋಗಿದ್ದರೆ ಹಿಂದಿನ ಗೇರಿನ ಹಲ್ಲುಗಳೂ ಸವೆದಿರುತ್ತವೆ, ಎರಡರ ಖರ್ಚನ್ನೂ ಬೆಲೆಯಲ್ಲಿ ಕಳೆದು ಮಾತಾಡಿ.

ಆಮೇಲೆ ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲ್ಲಾಡಿಸಿ, ಹ್ಯಾಂಡಲ್ ಬುಡದಲ್ಲಿ ಟಕ್ ಟಕ್ ಅಂದರೆ ಬೇರಿಂಗ್ ಸಡಿಲ. ಇದು ಸರಿಹೋಗುತ್ತದೆ. ಸರಿಹೋಗದ್ದು ಯಾವುದು ಅಂದರೆ ಹ್ಯಾಂಡಲ್ ಕೆಳಗೆ ಎರಡು ಪೈಪು ಸೇರುವ ಬೆಸುಗೆಯ ಹತ್ತಿರ ಕೂದಲೆಳೆ ಬಿರುಕು, ಅಥವಾ ಪೇಂಟು ಸುಕ್ಕುಗಟ್ಟಿ ಪೈಪು ಉಬ್ಬಿರುವುದು. ಎಲ್ಲೋ ಗುದ್ದಿದ ಸೈಕಲ್ ಅದು, 3,000ಕ್ಕೆ ಕೊಟ್ಟರೂ ಬೇಡ. ಹಳೆಯ ಬಿಲ್ ಕೇಳಿ ಇಸಿದುಕೊಳ್ಳಿ.

ಮಗಳನ್ನೂ ಕರೆದುಕೊಂಡು ಹೋಗಿ, ಎತ್ತರ ಹೊಂದದಿದ್ದರೆ ಉಳಿದ ಪರೀಕ್ಷೆಯೇ ಬೇಡ. ರಸ್ತೆಯಲ್ಲಿ ಓಡಿಸಿ ಅಭ್ಯಾಸ ಇಲ್ಲದಿದ್ದರೆ ಮೊದಲು ಟ್ರಿನ್ ಟ್ರಿನ್ ಬಾಡಿಗೆ ಸೈಕಲ್ ಓಡಿಸಲಿ. 2017ರಲ್ಲಿ ನಿಮ್ಮೂರಲ್ಲಿ ಶುರುವಾದದ್ದು ಅದು, ಇಂಥವರಿಗೂ ಅನುಕೂಲ.

ಪ್ರಶ್ನೆ: ನಮ್ಮದು ಮಂಗಳೂರು. ಏರು, ಮಳೆ, ಉಪ್ಪು ಗಾಳಿ ಮೂರೂ ಇದೆ. ಹೈಬ್ರಿಡ್ ಬಾಳಿಕೆ ಬರುತ್ತದಾ?
(ಓದುಗರು, ಬಿಜೈ)

ಉತ್ತರ: ಅಲ್ಯೂಮಿನಿಯಂ ಫ್ರೇಮ್, ಡಿಸ್ಕ್ ಬ್ರೇಕ್ ತಗೊಂಡರೆ ಬರುತ್ತದೆ. ನಿಮಗೆ ಮುಖ್ಯ ಅತಿ ಹಗುರದ ಗೇರು: ಮುಂದಿನ ಅತಿ ಚಿಕ್ಕ ಚಕ್ರದ ಹಲ್ಲು ಹಿಂದಿನ ಅತಿ ದೊಡ್ಡದಕ್ಕಿಂತ ಕಡಿಮೆ ಅಥವಾ ಸಮ ಇರಬೇಕು, ಆಗ ಕದ್ರಿ ಗುಡ್ಡ ಕೂತೇ ಹತ್ತಬಹುದು. ಬೆಂಗಳೂರಿನವರಿಗೆ ಬೇಡ ಅಂದ ಮುಂದಿನ ಮೂರು ಚಕ್ರ ನಿಮಗೆ ಉಪಯೋಗಕ್ಕೆ ಬರುತ್ತದೆ. ಮಳೆಯಲ್ಲಿ ಬಂದ ದಿನ ಚೈನು ಒರೆಸಿ ಎಣ್ಣೆ ಬಿಡಿ, ಆದರೆ ತೆಂಗಿನೆಣ್ಣೆ ಬೇಡ ಮಾರಾಯ್ರೇ, ಧೂಳು ಹಿಡಿದು ಅಂಟಾಗುತ್ತದೆ. ಡಿಸ್ಕಿಗೆ ಒಂದು ಹನಿ ಎಣ್ಣೆಯೂ ತಾಗಬಾರದು. ಸೀಟಿನ ಕಂಬವನ್ನು ವರ್ಷಕ್ಕೆರಡು ಸಲ ಹೊರಗೆ ತೆಗೆದು ಗ್ರೀಸ್ ಸವರಿ. ಹಾಗೇ ಬಿಟ್ಟರೆ ಫ್ರೇಮಿನೊಳಗೆ ಕಚ್ಚಿಕೊಂಡು ಕೂರುತ್ತದೆ, ಆಮೇಲೆ ಗ್ಯಾರೇಜಿನವರೂ ಕೈಯೆತ್ತುತ್ತಾರೆ.

ಪ್ರಶ್ನೆ: ಬಾಕ್ಸಿನಲ್ಲಿ ಬಂದ ಸೈಕಲ್. ಎಡಗಡೆ ಪೆಡಲ್ ಎಷ್ಟು ತಿರುಗಿಸಿದರೂ ಕೂರುತ್ತಿಲ್ಲ. ವಾಲ್ವ್ ಕೂಡ ತೆಳ್ಳಗಿದೆ, ಪಂಕ್ಚರ್ ಅಂಗಡಿಯ ಪಂಪು ಹಿಡಿಯುವುದಿಲ್ಲ. ವಾಪಸ್ ಕಳಿಸಲಾ?
(ಓದುಗರು, ಶಿವಮೊಗ್ಗ)

ಉತ್ತರ: ಕಳಿಸಬೇಡಿ, ತಿರುಗಿಸುವುದನ್ನು ಮೊದಲು ನಿಲ್ಲಿಸಿ. ಎಡ ಪೆಡಲ್ಲಿನ ಮರೆ (ತಿರುಪಿನ ಥ್ರೆಡ್) ಉಲ್ಟಾ ಇರುತ್ತದೆ, ಅದನ್ನು ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ಬಿಗಿಯಬೇಕು. ಪೆಡಲ್ಲಿನ ತುದಿಯಲ್ಲಿ ಎಲ್, ಆರ್ ಅಂತ ಕೊರೆದಿರುತ್ತಾರೆ, ಅದನ್ನು ನೋಡಿ, ಗ್ರೀಸ್ ಹಚ್ಚಿ, ಮೊದಲ ಸುತ್ತುಗಳನ್ನು ಬೆರಳಲ್ಲೇ ತಿರುಗಿಸಿ. ಸ್ಪ್ಯಾನರ್ ಹಾಕಿ ಒತ್ತಾಯ ಮಾಡಿದರೆ ಕ್ರ್ಯಾಂಕಿನ, ಅಂದರೆ ಪೆಡಲ್ ಕೂರುವ ತೋಳಿನ, ಮರೆ ಹಾಳಾಗುತ್ತದೆ. ವಾಲ್ವ್ ಪ್ರೆಸ್ಟಾ ಅನ್ನುವ ಜಾತಿ. ತುದಿಯ ಪುಟ್ಟ ನಟ್ ಸಡಿಲ ಮಾಡಿ, ಮೇಲೆ ಹಿತ್ತಾಳೆಯ ಅಡಾಪ್ಟರ್ ತಿರುಗಿಸಿದರೆ ಸ್ಕೂಟರಿಗೆ ಗಾಳಿ ಹಿಡಿಯುವ ಪಂಪೇ ಸಾಕು. ಎರಡು ಅಡಾಪ್ಟರ್ ತಂದು ಒಂದನ್ನು ವಾಲ್ವ್ ಮೇಲೇ ಬಿಟ್ಟಿರಿ. ಹೊಸ ಟ್ಯೂಬು ತರುವಾಗಲೂ ಪ್ರೆಸ್ಟಾ ಅಂತಲೇ ಕೇಳಿ, ನಿಮ್ಮ ರಿಮ್ಮಿನ ತೂತಿಗೆ ದಪ್ಪ ವಾಲ್ವ್ ಹೋಗುವುದಿಲ್ಲ.