ಮೊದಲು ಸ್ಕೂಟಿ ಕೀ ಹುಡುಕಿ

ತಿಪಟೂರಿನಿಂದ ಬಂದ ಪತ್ರವೊಂದು ಈ ವಾರ ನನ್ನನ್ನು ಸುಮ್ನೆ ಕೂರಲು ಬಿಡಲಿಲ್ಲ. ಬರೆದವರಿಗೆ 36 ವರ್ಷ. ಪತ್ತಿನ ಸಹಕಾರ ಸಂಘವೊಂದರಲ್ಲಿ ಕ್ಯಾಶ್ ನೋಡಿಕೊಳ್ಳುತ್ತಾರೆ. ಗಂಡನಿಗೆ ಹಾರ್ಡ್‌ವೇರ್ ಅಂಗಡಿ, ಮಗಳು ನಾಲ್ಕನೇ ಕ್ಲಾಸು. ಹೇಳಿಕೊಳ್ಳುವಂಥ ಕಷ್ಟ ಏನಿಲ್ಲ, ಆದರೆ ತಲೆಗೆ ಬರುವುದೆಲ್ಲ ಕೆಟ್ಟದ್ದೇ ಅಂತೆ. ಸ್ಕೂಲ್ ವ್ಯಾನ್ ಹತ್ತು ನಿಮಿಷ ತಡವಾದರೆ ಆಕ್ಸಿಡೆಂಟ್ ಆಗಿದೆ. ಸೆಕ್ರೆಟರಿ "ಸ್ವಲ್ಪ ಒಳಗೆ ಬನ್ನಿ" ಅಂದರೆ ಲೆಕ್ಕದಲ್ಲಿ ಏನೋ ತಪ್ಪಾಗಿದೆ, ಕೆಲಸ ಹೋಯ್ತು. ಗಂಡ ಫೋನ್ ಎತ್ತದಿದ್ದರೆ ಏನು ಅಂತ ಬರೆದಿಲ್ಲ, ಚುಕ್ಕೆ ಇಟ್ಟು ಬಿಟ್ಟಿದ್ದಾರೆ. "ನೆಗೆಟಿವ್ ಯೋಚನೆ ಬರದ ಹಾಗೆ ಮನಸ್ಸನ್ನು ಪಳಗಿಸೋದು ಹೇಗೆ? ದಿನಾ ಬೆಳಿಗ್ಗೆ ಕನ್ನಡಿ ಮುಂದೆ ನಿಂತು ಇವತ್ತು ಎಲ್ಲಾ ಒಳ್ಳೇದೇ ಆಗುತ್ತೆ ಅಂತ ಹತ್ತು ಸಲ ಹೇಳ್ಕೋತೀನಿ. ಬಸ್ ಸ್ಟ್ಯಾಂಡ್ ದಾಟೋದರೊಳಗೆ ಮತ್ತೆ ಶುರು" ಎನ್ನುತ್ತಾರೆ.

ತಂಗಿ, ಮೊದಲು ಆ ಕನ್ನಡಿ ಕಾರ್ಯಕ್ರಮ ನಿಲ್ಲಿಸಿ. ಅದನ್ನು ಹೇಳಿಕೊಟ್ಟವರು ನಿಮ್ಮ ನಾದಿನಿ. ಸೂರ್ಯೋದಯದ ಫೋಟೋ ಮೇಲೆ ದಿನಕ್ಕೊಂದು ಸುವಿಚಾರ ಕಳಿಸುವವರೂ ಅವರೇ. ಸುವಿಚಾರ ಫಾರ್ವರ್ಡ್ ಮಾಡುವವರ ಬಗ್ಗೆ ನನ್ನ ಅಭಿಪ್ರಾಯ ಏನು ಅಂತ ಈ ಅಂಕಣ ಓದುವವರಿಗೆಲ್ಲ ಗೊತ್ತು, ಮತ್ತೆ ಹೇಳುವುದಿಲ್ಲ. ಔಷಧಿ ಕುಡಿಯುವಾಗ ಕೋತಿಯನ್ನು ನೆನೆಸಿಕೊಳ್ಳಬೇಡ ಅಂತ ವೈದ್ಯ ಹೇಳಿ ಕಳಿಸಿದ ಕಥೆ ನೀವೂ ಕೇಳಿರುತ್ತೀರಿ. ಲೋಟ ಬಾಯಿಗೆ ಇಡುವಷ್ಟರಲ್ಲಿ ಕೋತಿ ಹಾಜರ್! ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಮತ್ತು ಜೊತೆಗಾರರು ಇಂಥದ್ದೇ ಒಂದು ಪ್ರಯೋಗ ಮಾಡಿ 1987ರಲ್ಲಿ ಪ್ರಕಟಿಸಿದರು. ಬಿಳಿ ಕರಡಿಯನ್ನು ನೆನೆಸಿಕೊಳ್ಳಬೇಡಿ, ನೆನಪಾದರೆ ಗಂಟೆ ಬಾರಿಸಿ ಅಂತ ಐದು ನಿಮಿಷ ಕೂರಿಸಿದರು. ಗಂಟೆ ಬಾರಿಸುತ್ತಲೇ ಹೋಯಿತು. ಆಮೇಲೆ "ಈಗ ನೆನೆಸಿಕೊಳ್ಳಿ, ಪರವಾಗಿಲ್ಲ" ಅಂದಾಗ, ಮೊದಲಿನಿಂದ ನೆನೆಯಲು ಬಿಟ್ಟವರಿಗಿಂತ ಇವರಿಗೇ ಕರಡಿ ಜಾಸ್ತಿ ಬಂತು. ಯೋಚನೆ ಬರಬಾರದು ಅಂತ ಕಾವಲು ಕೂತರೆ ಇಷ್ಟೇ ಆಗೋದು.

ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆ. ಎರಡನೇ ಪುಟದ ಕೊನೆಯಲ್ಲಿ, ಇನ್ನೇನೋ ಹೇಳುತ್ತಾ, ನಡುವೆ ಒಂದು ಸಾಲು ಬರೆದಿದ್ದೀರಿ. "ದೀಪಾವಳಿ ಹೊತ್ತಿಗೆ ಮರಳಿನ ಮೇಲೆ ಗಾಡಿ ಸ್ಕಿಡ್ ಆಗಿ ಮೊಣಕೈ ತರಚಿತ್ತು, ಆಮೇಲೆ ಸ್ಕೂಟಿ ಮುಟ್ಟಿಲ್ಲ, ಹೇಗೂ ಇವರು ಬಿಡ್ತಾರಲ್ಲ." ಅಷ್ಟೇ. ಮುಂದಿನ ಸಾಲಿನಲ್ಲಿ ಮಗಳ ಪರೀಕ್ಷೆಯ ಮಾತು.

ಮದುವೆಗೆ ಮುಂಚಿನಿಂದ ಗಾಡಿ ಓಡಿಸಿದವರು ನೀವು. ಈಗ ಅದು ಕಾಂಪೌಂಡಿನ ಮೂಲೆಯಲ್ಲಿ ಟಾರ್ಪಾಲ್ ಹೊದ್ದು ನಿಂತಿದೆ, ಸೀಟಿನ ಮೇಲೆ ಬೆಕ್ಕು ಮರಿ ಹಾಕಿದೆ ಅಂತ ತಮಾಷೆ ಬೇರೆ ಮಾಡಿದ್ದೀರಿ. ಅದೊಂದೇ ಆಗಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಅರಸೀಕೆರೆಯ ತವರಿಗೆ ಒಬ್ಬರೇ ರೈಲು ಹತ್ತಿ ಹೋಗುತ್ತಿದ್ದವರು ಈಗ ಅಮ್ಮನನ್ನೇ ಇಲ್ಲಿಗೆ ಕರೆಸಿಕೊಳ್ಳುತ್ತಿದ್ದೀರಿ. ಸಂತೆಗೆ ಹೋಗುವುದು ನಿಂತಿದೆ. ಸಂಘದ ವಾರ್ಷಿಕ ಸಭೆಯಲ್ಲಿ ವರದಿ ಓದುವ ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸಿದ್ದೀರಿ. ಇವೆಲ್ಲ ನಿಮ್ಮ ಪತ್ರದಲ್ಲೇ ಇವೆ, ಒಂದೊಂದು ಒಂದೊಂದು ಕಡೆ. ಒಟ್ಟಿಗೆ ಇಟ್ಟು ನೀವೇ ಓದಿಲ್ಲ.

ಬೀಳ್ತೀಯ ಅಂತ ಭಯ ಹೇಳಿತು. ನೀವು ಗಾಡಿ ತೆಗೆಯಲಿಲ್ಲ. ಬೀಳಲಿಲ್ಲ. ನೋಡು, ನಾನು ಹೇಳಿದ್ದಕ್ಕೇ ಉಳಿದೆ ಅಂತ ಭಯ ತನ್ನ ಹೆಸರಿಗೆ ಜಮಾ ಮಾಡಿಕೊಂಡಿತು. ದಿನಾ ಹೀಗೇ ಜಮಾ ಆಗುತ್ತಿದೆ, ತಾಳೆ ನೋಡುವವರೇ ಇಲ್ಲ. ಸಂಜೆ ಕ್ಯಾಶ್ ಟ್ಯಾಲಿ ಆಗದೆ ಕೌಂಟರ್ ಬಿಟ್ಟು ಏಳದ ಹೆಂಗಸು ನೀವು, ತಲೆಯೊಳಗಿನ ಈ ಲೆಕ್ಕವನ್ನು ಮಾತ್ರ ಹಾಗೇ ನಂಬಿಬಿಟ್ಟಿದ್ದೀರಲ್ಲ!

ಫಿಲಡೆಲ್ಫಿಯಾದಲ್ಲಿದ್ದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಗಮನಿಸಿದ್ದೂ ಇದನ್ನೇ. ಖಿನ್ನತೆಯಿಂದ ಬಳಲುವವರ ತಲೆಯಲ್ಲಿ ಕೆಲವು ಯೋಚನೆಗಳು ಕರೆಯದೆಯೇ ಬರುತ್ತವೆ, ಅವರು ಅದನ್ನು ವಿಚಾರಿಸದೆ ನಿಜ ಅಂದುಕೊಳ್ಳುತ್ತಾರೆ. ಕೆಟ್ಟದ್ದು ಬಿಟ್ಟು ಒಳ್ಳೆಯದನ್ನು ಯೋಚಿಸಿ ಅಂತ ಬೆಕ್ ಉಪದೇಶ ಮಾಡಲಿಲ್ಲ. ಅದೊಂದು ಊಹೆ, ನಿಜವೋ ಸುಳ್ಳೋ ಹೋಗಿ ನೋಡಿಕೊಂಡು ಬನ್ನಿ ಅನ್ನುವ ದಾರಿ ಹಿಡಿದರು. ನೂರು ವರ್ಷ ಬದುಕಿ 2021ರಲ್ಲಿ ತೀರಿಕೊಂಡರು.

ಈಗ ನಿಮ್ಮ ಯಜಮಾನರ ವಿಷಯ. ದೇವರಂಥ ಮನುಷ್ಯ ಅಂತ ಮುಕ್ಕಾಲು ಪುಟ ಬರೆದಿದ್ದೀರಿ. ಬೆಳಿಗ್ಗೆ ಬಿಡುತ್ತಾರೆ, ಸಂಜೆ ಕರೆದುಕೊಂಡು ಬರುತ್ತಾರೆ, ಅಂಗಡಿ ತಲುಪಿದ ತಕ್ಷಣ "ತಲುಪಿದೆ" ಅಂತ ಮೆಸೇಜ್ ಹಾಕುತ್ತಾರೆ, ವ್ಯಾನ್ ಎಲ್ಲಿದೆ ಅಂತ ಡ್ರೈವರ್‌ಗೆ ಫೋನ್ ಮಾಡಿ ನಿಮಗೆ ಹೇಳುತ್ತಾರೆ. ನನಗೆ ಕೋಪ ಬಂದಿದ್ದು ಅವರ ಮೇಲೇ. "ಏನೂ ಆಗಿಲ್ಲ ಕಣೇ" ಅಂತ ಅವರು ಹೇಳಿದ್ದು ಎಷ್ಟು ಹೊತ್ತು ಬರುತ್ತೆ? ಅರ್ಧ ಗಂಟೆ. ಆಮೇಲೆ ಮತ್ತೆ ಫೋನ್. ಒಂದೊಂದು ಸಮಾಧಾನಕ್ಕೂ ನಿಮ್ಮ ಧೈರ್ಯ ಒಂದು ಹಿಡಿ ಕಡಿಮೆಯಾಗುತ್ತಿದೆ. ಹೆಂಡತಿ ಹೆದರಿಕೊಂಡು ತನ್ನನ್ನೇ ನೆಚ್ಚಿಕೊಂಡಿದ್ದರೆ ಕೆಲವು ಗಂಡಸರಿಗೆ ಒಳಗೊಳಗೇ ಹಿತವಾಗಿರುತ್ತೆ. ಇದನ್ನು ಬರೆದಾಗೆಲ್ಲ ನನಗೆ ಬೈದು ಪತ್ರ ಬರುತ್ತವೆ, ಬರಲಿ.

ವ್ಯಾನ್, ಸೆಕ್ರೆಟರಿ, ಫೋನು ಎಲ್ಲ ಪಕ್ಕಕ್ಕಿಡಿ. ಮಾಡಬೇಕಾದ್ದು ಒಂದೇ. ಶನಿವಾರ ಮೆಕ್ಯಾನಿಕ್‌ನನ್ನು ಕರೆಸಿ ಬ್ಯಾಟರಿ, ಬ್ರೇಕು, ಟೈರಿನ ಗಾಳಿ ನೋಡಿಸಿ. ಬೆಕ್ಕಿಗೆ ಬೇರೆ ಜಾಗ ಮಾಡಿಕೊಡಿ. ಭಾನುವಾರ ಬೆಳಿಗ್ಗೆ ಆರೂವರೆಗೆ, ರಸ್ತೆ ಖಾಲಿ ಇರುವಾಗ, ಹೆಲ್ಮೆಟ್ ಹಾಕಿಕೊಂಡು ನಂದಿನಿ ಬೂತಿನ ತನಕ ಹೋಗಿ ಹಾಲು ತಗೊಂಡು ಬನ್ನಿ. ಒಬ್ಬರೇ. ಹಿಂದೆ ಬೈಕಿನಲ್ಲಿ ಯಜಮಾನರು ಬರಬಾರದು. ಹೊರಡುವ ಮುಂಚೆ ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಬರೆಯಿರಿ: ಏನಾಗುತ್ತೆ ಅಂತ ಅನ್ನಿಸುತ್ತಿದೆ, ನೂರಕ್ಕೆ ಎಷ್ಟು ಖಾತ್ರಿ. "ತಿರುವಿನಲ್ಲಿ ಬೀಳ್ತೀನಿ, ನೂರಕ್ಕೆ ಎಂಬತ್ತು" ಅಂತ ಅನ್ನಿಸಿದರೆ ಹಾಗೇ ಬರೆಯಿರಿ, ನಾಚಿಕೆ ಬೇಡ. ಬಂದ ಮೇಲೆ ಅದರ ಕೆಳಗೆ ನಿಜವಾಗಿ ಏನಾಯ್ತು ಅಂತ ಬರೆಯಿರಿ. ಮರುದಿನ ಮತ್ತೆ. ಹಾಲು ತರುವುದು ಬೇಜಾರು ಅನ್ನಿಸುವ ತನಕ.

ಭಯ ಹೋದಮೇಲೆ ಹೊರಡ್ತೀನಿ ಅಂತ ಕಾಯಬೇಡಿ. ಕೈ ನಡುಗಲಿ, ಎದೆ ಹೊಡೆದುಕೊಳ್ಳಲಿ. ತೀರಾ ಆಗದಿದ್ದರೆ ಮೊದಲ ದಿನ ನಿಮ್ಮ ಬೀದಿಯ ತುದಿ ತನಕ ಸಾಕು. ಅಮೆರಿಕದ ಮೇರಿ ಕವರ್ ಜೋನ್ಸ್ 1924ರಲ್ಲೇ ಹೀಗೆ ಮಾಡಿ ತೋರಿಸಿದ್ದಾರೆ. ಪೀಟರ್ ಅಂತ ಮೂರು ವರ್ಷವೂ ತುಂಬದ ಮಗು, ಮೊಲ ಕಂಡರೆ ಕಿರುಚುತ್ತಿತ್ತು. ಮಗು ಇಷ್ಟದ ತಿಂಡಿ ತಿನ್ನುವಾಗ ಮೊಲದ ಪಂಜರವನ್ನು ದೂರದಿಂದ ಸ್ವಲ್ಪ ಸ್ವಲ್ಪವೇ ಹತ್ತಿರ ತಂದರು. ಕೊನೆಗೆ ಪೀಟರ್ ಮೊಲವನ್ನು ಮುಟ್ಟಿ ಆಡಿದ. ಮೊಲ ಒಳ್ಳೆಯದು ಅಂತ ಅವನಿಗೆ ಯಾರೂ ಸುವಿಚಾರ ಕಳಿಸಿರಲಿಲ್ಲ.

ನಿದ್ದೆ, ಊಟ ಸರಿಯಾಗಿದೆ ಅಂತ ಬರೆದಿದ್ದೀರಿ, ಹಾಗಾಗಿ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ. ಅವು ಕೆಟ್ಟರೆ, ಅಥವಾ ಬದುಕಿ ಏನು ಅನ್ನುವ ಮಾತು ಮನಸ್ಸಿಗೆ ಬಂದರೆ, ನನಗೆ ಪತ್ರ ಬರೆದು ಕಾಯುತ್ತಾ ಕೂರಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಯಾವಾಗ ಬೇಕಾದರೂ ಸಿಗುತ್ತಾರೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅಕ್ಟೋಬರ್ 2022ರಲ್ಲಿ ಶುರುವಾದದ್ದು, ಹಿಂದೆ ನಮ್ಮ ನಿಮ್ಹಾನ್ಸ್ ಇದೆ.

ಈ ಪುಟವನ್ನು ಯಜಮಾನರಿಗೂ ಓದಲು ಕೊಡಿ. ಸ್ವಾಮಿ, ಭಾನುವಾರ ಅವರು ಗೇಟು ದಾಟಿದ ಮೇಲೆ ನೀವು ಬಾಲ್ಕನಿಗೆ ಬರಬೇಡಿ, "ತಲುಪಿದ್ಯಾ" ಅಂತ ಫೋನೂ ಮಾಡಬೇಡಿ. ವ್ಯಾನ್ ಬಂತಾ ಅಂತ ಅವರು ಕೇಳಿದರೆ "ಗೊತ್ತಿಲ್ಲ, ಬಂದಾಗ ನೋಡೋಣ" ಅನ್ನಿ. ಆಗುತ್ತಾ?