ಗಾಳಿಗೂ ಕೂಗಿದ ಬಜರ್

ಸಕಲೇಶಪುರದ ಕಡೆಯ ಹುಡುಗಿಯೊಬ್ಬಳು ಬರೆದಿದ್ದಾಳೆ. ಪಿಯುಸಿ ಮುಗಿದಿದೆ, ಸಿಇಟಿ ರ‍್ಯಾಂಕ್ ಪರವಾಗಿಲ್ಲ. ದೇಶದ ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒ ಸೇರಬೇಕೆಂಬ ಆಸೆ, ಅದಕ್ಕೆ ಏರೋನಾಟಿಕಲ್ಲೇ ಓದಬೇಕೆಂಬ ನಂಬಿಕೆ. ಬೆಂಗಳೂರಿನ ಮಾವ, 'ಕಂಪ್ಯೂಟರ್ ಸೈನ್ಸ್ ಬಿಟ್ಟರೆ ಯಾವುದಕ್ಕೂ ಸ್ಕೋಪ್ ಇಲ್ಲ' ಎನ್ನುತ್ತಾರಂತೆ. ಅಪ್ಪ ಏನೂ ಹೇಳುತ್ತಿಲ್ಲ. ಕಾಲೇಜು, ಬ್ರಾಂಚ್ ಆರಿಸುವ ಆಪ್ಷನ್ ಎಂಟ್ರಿಗೆ ನಾಲ್ಕೇ ದಿನ.

ಪುಟ್ಟಿ, ಮೂರು ಪುಟದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ನೀನು ಬ್ರಾಕೆಟ್ಟಿನೊಳಗೆ ತುರುಕಿದ ಮಾತು. ಕಾಡಾನೆ ಬಂದರೆ ಗೊತ್ತಾಗಲಿ ಅಂತ ತೋಟದ ಬೇಲಿಗೆ ಸೆನ್ಸರ್ ಕಟ್ಟಿ ಬಜರ್ ಮಾಡಿದ್ದೆ, ಗಾಳಿ ಬೀಸಿದರೂ ಕೂಗುತ್ತಿತ್ತು, ಅಪ್ಪ ಕಿತ್ತೆಸೆದರು ಅಂತ.

ಅಲ್ಲ, ರೇಡಾರ್ ಮಾಡುವುದೂ ಇದೇ ಕೆಲಸ ಅಲ್ವಾ? ರೇಡಿಯೋ ಅಲೆ ಕಳಿಸುತ್ತದೆ, ತಾಗಿ ವಾಪಸ್ ಬಂದದ್ದನ್ನು ಹಿಡಿಯುತ್ತದೆ. ಆದರೆ ಬೆಟ್ಟಕ್ಕೆ, ಮಳೆಗೆ, ಹಕ್ಕಿ ಹಿಂಡಿಗೆ ತಾಗಿದರೂ ಅಲೆ ವಾಪಸ್ ಬರುತ್ತದೆ. ಅದರಲ್ಲಿ ವಿಮಾನ ಯಾವುದು ಅಂತ ಹೆಕ್ಕುವುದೇ ತಲೆನೋವು. ನಿನ್ನ ಬಜರ್ ಸೋತದ್ದೂ ಅಲ್ಲೇ. ಬೆಂಗಳೂರಿನ ಸಿ.ವಿ. ರಾಮನ್ ನಗರದಲ್ಲಿ ಡಿಆರ್‌ಡಿಒದ ಎಲ್‌ಆರ್‌ಡಿಇ ಎಂಬ ಎಲೆಕ್ಟ್ರಾನಿಕ್ಸ್-ರೇಡಾರ್ ಲ್ಯಾಬ್ ಇದೆ. ನಮ್ಮ ತೇಜಸ್ ಯುದ್ಧವಿಮಾನಕ್ಕೆಂದು 'ಉತ್ತಮ್' ರೇಡಾರ್ ಮಾಡಿದ್ದು ಅವರೇ.

ಏರೋನಾಟಿಕಲ್ ಕೆಟ್ಟದ್ದೇನಲ್ಲ. ಆದರೆ 2001ರಲ್ಲಿ ಮೊದಲು ಹಾರಿದ ಆ ತೇಜಸ್ಸನ್ನೇ ಬಿಚ್ಚಿ ನೋಡಿದರೆ ಮೆಕ್ಯಾನಿಕಲ್, ಮೆಟಲರ್ಜಿ, ಎಲೆಕ್ಟ್ರಾನಿಕ್ಸ್, ಸಾಫ್ಟ್‌ವೇರ್ ಎಲ್ಲವೂ ಸಿಗುತ್ತದೆ. ನಮಗೆ ರೆಕ್ಕೆ ಕಾಣುತ್ತದೆ, ವೈರು ಕಾಣುವುದಿಲ್ಲ, ಅಷ್ಟೇ.

ಅಪ್ಪನ ಮೇಲೆ ನನಗೆ ಸಿಟ್ಟಿಲ್ಲ. ನಡುರಾತ್ರಿ ಸುಮ್ನೆ ಸುಮ್ನೆ ಎಬ್ಬಿಸಿದರೆ ನಾನೂ ಕಿತ್ತೆಸೆಯುತ್ತಿದ್ದೆ. ಸಿಟ್ಟು ಮಾವನ ಮೇಲೆ. ಈ 'ಸ್ಕೋಪ್' ಎಂಬ ಮಾತು ಎಷ್ಟು ಮಕ್ಕಳನ್ನು ದಾರಿ ತಪ್ಪಿಸಿದೆ ಅಂತ ಇಲ್ಲಿ ಬರೆದು ಬರೆದು ನನ್ನ ಕೈ ಸೋತಿದೆ. ಬಜರನ್ನು ಒಮ್ಮೆಯೂ ನೋಡದವರು ನಿನ್ನ ಬ್ರಾಂಚ್ ಹೇಳುವುದು ಬೇಡ.

ಮೊದಲ ಆಪ್ಷನ್ ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್ ಹಾಕು. ಹಾಸನದ ಮಲೆನಾಡು ಕಾಲೇಜಿನಲ್ಲೇ ಇದೆ, ಮನೆಗೂ ಹತ್ತಿರ. ಡಿಆರ್‌ಡಿಒದಲ್ಲಿ ಸೈಂಟಿಸ್ಟ್ ಆಗಲು ಗೇಟ್ ಎಂಬ ರಾಷ್ಟ್ರಮಟ್ಟದ ಪರೀಕ್ಷೆಯ ಅಂಕ ಬೇಕು, ಆಮೇಲೆ ಸಂದರ್ಶನ. ಅದಕ್ಕೆ ಮೂರನೇ ವರ್ಷದಿಂದ ಕೂತರೆ ಸಾಕು.

ಆ ಬಜರ್ ಎಲ್ಲಿ ಬಿದ್ದಿದೆ ಅಂತ ಅಪ್ಪನನ್ನು ಕೇಳು. ಈ ಸಲ ಎರಡು ಸೆನ್ಸರ್ ಹಾಕು, ಎರಡೂ ಒಟ್ಟಿಗೆ ಹೌದೆಂದರೆ ಮಾತ್ರ ಕೂಗಲಿ.