ದ್ವೇಷದಲ್ಲಿ ಸಂಶೋಧನೆ ಮಾಡುವಂಥದ್ದೇನಿದೆ?

ಪ್ರಶ್ನೆ: ನಾನು ಕಾಲೇಜೊಂದರಲ್ಲಿ ಅಧ್ಯಾಪಕಿ. ದ್ವೇಷದ ಅಧ್ಯಯನಕ್ಕೆಂದೇ ಕೆಲವು ವಿಶ್ವವಿದ್ಯಾಲಯಗಳು ಕೇಂದ್ರಗಳನ್ನು ತೆರೆದಿವೆಯೆಂದು ಓದಿದೆ. ದ್ವೇಷವೆಂದರೇನೆಂದು ಎಲ್ಲರಿಗೂ ಗೊತ್ತು, ಅದರಲ್ಲಿ ಸಂಶೋಧಿಸುವುದೇನು? ವಿದ್ವಾಂಸರ ಪ್ರಬಂಧಗಳಿಂದ ಯಾರ ಮನಸ್ಸಾದರೂ ಬದಲಾದದ್ದುಂಟೆ?

ಉತ್ತರ: ಪ್ರಬಂಧ ಓದಿ ದ್ವೇಷ ಬಿಟ್ಟವರನ್ನು ನಾನೂ ಕಂಡಿಲ್ಲ. ಆದರೆ ‘ಎಲ್ಲರಿಗೂ ಗೊತ್ತು’ ಎಂಬ ಮಾತನ್ನು ಒಪ್ಪಲಾರೆ. ಹಳೆಯ ಹಗೆಯೋ ಸ್ವತ್ತಿನ ಪೈಪೋಟಿಯೋ ಇಲ್ಲದೆ ಗುಂಪುಗಳ ನಡುವೆ ಪಕ್ಷಪಾತ ಹುಟ್ಟುವುದಿಲ್ಲವೆಂದು ನಾವೆಲ್ಲ ನಂಬಿರುತ್ತೇವೆ. ನಾಜಿಗಳ ನರಮೇಧದಲ್ಲಿ ತಮ್ಮ ಕುಟುಂಬವನ್ನು ಕಳೆದುಕೊಂಡಿದ್ದ ಮನಶ್ಶಾಸ್ತ್ರಜ್ಞ ಹೆನ್ರಿ ತಾಜ್‌ಫೆಲ್ 1970ರ ಸುಮಾರಿಗೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದರು. ಇಬ್ಬರು ಚಿತ್ರಕಾರರಲ್ಲಿ ಯಾರು ಮೆಚ್ಚುಗೆಯಾದರೆಂಬ ನೆಪದಲ್ಲಿ ಶಾಲಾ ಹುಡುಗರನ್ನು ಎರಡು ಗುಂಪು ಮಾಡಿ, ಇತರರಿಗೆ ಸಣ್ಣ ಮೊತ್ತದ ಹಣ ಹಂಚುವಂತೆ ಹೇಳಿದಾಗ, ತಮಗೆ ಬಿಡಿಗಾಸಿನ ಲಾಭವಿಲ್ಲದಿದ್ದರೂ ಹುಡುಗರು ತಮ್ಮ ಗುಂಪಿನವರಿಗೇ ಹೆಚ್ಚು ಕೊಟ್ಟರು. ಇದು ದ್ವೇಷವಲ್ಲ, ಬರಿಯ ಪಕ್ಷಪಾತ. ಆದರೂ ‘ನಾವು’, ‘ಅವರು’ ಎಂಬ ಗೆರೆಯೊಂದೇ ಅದಕ್ಕೆ ಸಾಕಾಯಿತು.

ಅಧ್ಯಾಪಕಿಯಾದ ನಿಮಗೆ ಇದಕ್ಕಿಂತಲೂ ಸಾಮಾಜಿಕ ಮನಶ್ಶಾಸ್ತ್ರಜ್ಞ ಎಲಿಯಟ್ ಅರಾನ್ಸನ್ ಅವರ ಕೆಲಸ ಹತ್ತಿರದ್ದೆನಿಸಬಹುದು. 1971ರಲ್ಲಿ ಅಮೆರಿಕದ ಟೆಕ್ಸಸ್ ರಾಜ್ಯದ ಆಸ್ಟಿನ್ ನಗರದಲ್ಲಿ ಅದುವರೆಗೆ ಬೇರೆಬೇರೆಯಾಗಿ ಓದುತ್ತಿದ್ದ ಬಿಳಿಯ, ಕಪ್ಪು ಮತ್ತು ಹಿಸ್ಪಾನಿಕ್ (ಸ್ಪ್ಯಾನಿಷ್ ಭಾಷಿಕ ಮೂಲದ) ಮಕ್ಕಳು ಒಂದೇ ತರಗತಿಗೆ ಬಂದು ಜಗಳಗಳು ಎದ್ದಾಗ, ಶಾಲಾಡಳಿತವು ಅರಾನ್ಸನ್ ಅವರ ನೆರವು ಕೋರಿತು. ಅವರು ಉಪದೇಶ ಮಾಡಲಿಲ್ಲ, ತರಗತಿಯಲ್ಲಿ ಕುಳಿತು ಗಮನಿಸಿದರು. ಶಿಕ್ಷಕರ ಮೆಚ್ಚುಗೆಗಾಗಿ ಮಕ್ಕಳು ಒಬ್ಬರನ್ನೊಬ್ಬರು ಸೋಲಿಸಬೇಕಾದ ಏರ್ಪಾಟೇ ಕಿಚ್ಚಿಗೆ ಗಾಳಿ ಹಾಕುತ್ತಿರುವುದನ್ನು ಕಂಡು, ಪಾಠವನ್ನು ತುಂಡುತುಂಡು ಮಾಡಿ ಚಿಕ್ಕ ತಂಡದ ಒಬ್ಬೊಬ್ಬ ಮಗುವಿಗೂ ಒಂದೊಂದು ತುಂಡನ್ನು ಕೊಟ್ಟರು. ನಿನ್ನೆಯವರೆಗೆ ಗೇಲಿ ಮಾಡುತ್ತಿದ್ದವನ ಮಾತನ್ನು ಕಿವಿಗೊಟ್ಟು ಕೇಳದೆ ಪಾಠ ಪೂರ್ತಿಯಾಗುವಂತಿರಲಿಲ್ಲ. ಕೆಲವು ವಾರಗಳಲ್ಲೇ ಪೂರ್ವಗ್ರಹ ತಗ್ಗಿತು. ಹಿಂದುಳಿದಿದ್ದ ಮಕ್ಕಳ ಅಂಕಗಳೂ ಏರಿದವು.

ಇದರ ಬೇರು ಅಮೆರಿಕದ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿ ಮಂಡಿಸಿದ ವಾದದಲ್ಲಿದೆ. ಸಮಾನ ಸ್ಥಾನ, ಒಂದೇ ಗುರಿ, ಪರಸ್ಪರ ಸಹಕಾರ ಮತ್ತು ಸಂಸ್ಥೆಯ ಬೆಂಬಲ, ಈ ನಾಲ್ಕು ಇದ್ದಲ್ಲಿ ಗುಂಪುಗಳ ಒಡನಾಟವು ಪೂರ್ವಗ್ರಹವನ್ನು ಕರಗಿಸುತ್ತದೆಂದು ಅವರು ಹೇಳಿದರು. 515 ಅಧ್ಯಯನಗಳನ್ನು ಒಟ್ಟಿಗೆ ತೂಗಿನೋಡಿದ ಮನಶ್ಶಾಸ್ತ್ರಜ್ಞರಾದ ಪೆಟಿಗ್ರೂ ಮತ್ತು ಟ್ರಾಪ್ ಅವರ 2006ರ ವಿಶ್ಲೇಷಣೆಯೂ ಒಡನಾಟದ ಪರಿಣಾಮವನ್ನು ದೃಢಪಡಿಸಿತು. ಪರಿಣಾಮ ಸಾಧಾರಣ ಪ್ರಮಾಣದ್ದು, ಪವಾಡವೇನಲ್ಲ. ಸಂಸ್ಥೆಯ ಬೆಂಬಲಕ್ಕೆ ವಿಶೇಷ ಮಹತ್ವವಿರಬಹುದೆಂದೂ ಅವರು ಸೂಚಿಸಿದರು. ಕಾಲೇಜನ್ನು ನಡೆಸುವವರ ಹೊಣೆಯ ಮಾತು ಬರುವುದು ಇಲ್ಲಿಯೇ. ಅಮೆರಿಕದ ಗೊನ್ಜಾಗ ವಿಶ್ವವಿದ್ಯಾಲಯ 1990ರ ದಶಕದ ಕೊನೆಗೆ ತೆರೆದಂತಹ ಸಂಶೋಧನಾ ಕೇಂದ್ರವಿರಲಿ, ಬಿಡಲಿ, ಪ್ರಾಂಶುಪಾಲರು ತಂಡಗಳನ್ನು ಹೇಗೆ ರಚಿಸುತ್ತಾರೆ, ಮೊದಲ ಕೀಳುಮಾತು ಕೇಳಿಬಂದಾಗ ಏನು ಮಾಡುತ್ತಾರೆ ಎಂಬುದನ್ನು ವಿದ್ಯಾರ್ಥಿಗಳು ನೋಡುತ್ತಿರುತ್ತಾರೆ. ವರ್ಷಕ್ಕೊಮ್ಮೆ ಸೌಹಾರ್ದ ದಿನ ಆಚರಿಸಿ ಫೋಟೊ ತೆಗೆಸಿಕೊಳ್ಳುವುದನ್ನು ನಾನು ಬೆಂಬಲವೆಂದು ಎಣಿಸುವುದಿಲ್ಲ. ನಿಮ್ಮ ತರಗತಿಯಲ್ಲಿ ಯಾರ ಪಕ್ಕ ಯಾರು ಕೂರುತ್ತಾರೆಂದು ಒಂದು ತಿಂಗಳು ಬರೆದಿಟ್ಟುಕೊಂಡು, ತಂಡಗಳನ್ನು ಬದಲಿಸಿದ ಮೇಲೆ ಮತ್ತೊಂದು ತಿಂಗಳು ಬರೆದು ಹೋಲಿಸಿ ನೋಡಿ.